ಹೆರಿಗೆ ಕೋಣೆಯಲ್ಲಿ ತುರ್ತು ಬಂದಾಗ: ನರ್ಸ್‌ಗಳನ್ನು ಹೇಗೆ ತಯಾರು ಮಾಡುತ್ತಾರೆ?

ಹುಟ್ಟಿದ ಮಗು ಅಳಬೇಕು. ಅಳದಿದ್ದರೆ ಹೆರಿಗೆ ಮಾಡಿಸುತ್ತಿರುವವರ ಕೈಯಲ್ಲಿ ಇರುವುದು ಸುಮಾರು ಒಂದು ನಿಮಿಷ. ಡಾಕ್ಟರಿಗೆ ಫೋನ್ ಮಾಡಿ, ಅವರು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಆ ನಿಮಿಷ ಮುಗಿದಿರುತ್ತದೆ. ಹಾಗಾಗಿ ಆ ಮಗು ಉಸಿರಾಡುತ್ತದೆಯೋ ಇಲ್ಲವೋ ಎಂಬುದು ಬಹಳಷ್ಟು ಸಲ ಆಗ ಅಲ್ಲಿ ನಿಂತಿರುವ ಸ್ಟಾಫ್ ನರ್ಸ್ ಅಥವಾ ಎಎನ್‌ಎಂ ಸಿಸ್ಟರ್‌ಗೆ ಏನು ಬರುತ್ತದೆ ಎಂಬುದರ ಮೇಲೆ ನಿಂತಿದೆ.

ನಮ್ಮ ದೇಶದಲ್ಲಿ ಕಳೆದ 20 ವರ್ಷಗಳಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಸ್ಪತ್ರೆ ಹೆರಿಗೆ ಶೇ 38.7ರಷ್ಟಿತ್ತು, 2019-21ರಲ್ಲಿ ಅದು ಶೇ 88.6. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2004-06ರಲ್ಲಿ 254 ಇದ್ದದ್ದು 2018-20ಕ್ಕೆ 97ಕ್ಕೆ ಇಳಿಯಿತು. ಇಳಿಕೆ ದೊಡ್ಡದೇ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮಾತ್ರಕ್ಕೆ ತಾಯಿ-ಮಗು ಉಳಿಯುತ್ತಾರೆ ಎಂದೇನಿಲ್ಲ. ಒಳಗೆ ಇರುವವರಿಗೆ ತುರ್ತನ್ನು ನಿಭಾಯಿಸಲು ಬರಬೇಕು. ಅದನ್ನು ಅವರಿಗೆ ಹೇಗೆ ಕಲಿಸುತ್ತಾರೆ, ಕಲಿಸಿದ್ದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನೋಡೋಣ.

ಯಾವುದು ತುರ್ತು?

ಗರ್ಭಿಣಿಯರಲ್ಲಿ ಸುಮಾರು ಶೇ 15ರಷ್ಟು ಜನರಿಗೆ ಏನಾದರೊಂದು ತೊಡಕು ಬರುತ್ತದೆ ಎಂಬುದು ಜಗತ್ತಿನಾದ್ಯಂತ ಬಳಸುವ ಅಂದಾಜು. ಯಾರಿಗೆ ಬರುತ್ತದೆ ಎಂದು ಮೊದಲೇ ಪೂರ್ತಿ ಹೇಳಲು ಆಗುವುದಿಲ್ಲ. ಒಂಬತ್ತು ತಿಂಗಳೂ ಬಿಪಿ, ಶುಗರ್, ಸ್ಕ್ಯಾನ್ ಎಲ್ಲ ಸರಿಯಾಗಿದ್ದ ಹೆಣ್ಣುಮಗಳಿಗೂ ಮಗು ಹುಟ್ಟಿದ ಅರ್ಧ ಗಂಟೆಯಲ್ಲಿ ವಿಪರೀತ ರಕ್ತಸ್ರಾವ ಆಗಬಹುದು. 'ರಿಸ್ಕ್ ಇಲ್ಲ, ನಾರ್ಮಲ್ ಕೇಸ್' ಎಂಬ ಮಾತು ಹೆರಿಗೆ ಪೂರ್ತಿ ಮುಗಿದ ಮೇಲೆ ಮಾತ್ರ ಹೇಳಬಹುದಾದದ್ದು. ಆದ್ದರಿಂದಲೇ ಹೆರಿಗೆ ನಡೆಯುವ ಪ್ರತಿ ಜಾಗದಲ್ಲೂ, ಅದು ಚಿಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರವೇ ಆಗಿರಲಿ, ಮೊದಲ ಚಿಕಿತ್ಸೆ ಸಿಗಬೇಕು ಎನ್ನುವುದು ನಿಯಮ.

ಈ ಮೊದಲ ಚಿಕಿತ್ಸೆ ಎಂದರೆ ಏನು ಎಂಬುದಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಒಂದು ಪಟ್ಟಿ ಇದೆ. ಸೋಂಕಿಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್, ಗರ್ಭಕೋಶ ಬಿಗಿಯಾಗಲು ಇಂಜೆಕ್ಷನ್, ಫಿಟ್ಸ್‌ಗೆ ಇಂಜೆಕ್ಷನ್, ಹೊರಬರದ ಮಾಸನ್ನು ಕೈಯಿಂದ ತೆಗೆಯುವುದು, ಗರ್ಭಕೋಶದಲ್ಲಿ ಉಳಿದ ಚೂರುಗಳನ್ನು ತೆಗೆಯುವುದು, ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಾಕಿ ಹೆರಿಗೆ ಮಾಡಿಸುವುದು, ಉಸಿರಾಡದ ಮಗುವಿಗೆ ಉಸಿರು ಕೊಡುವುದು: ಈ ಏಳೂ ಸಿಕ್ಕರೆ ಅದು ಪ್ರಾಥಮಿಕ ಮಟ್ಟದ ತುರ್ತು ಹೆರಿಗೆ ಕೇಂದ್ರ. ಇದಕ್ಕೆ ಸಿಸೇರಿಯನ್ ಮತ್ತು ರಕ್ತ ಕೊಡುವ ವ್ಯವಸ್ಥೆ ಸೇರಿದರೆ ಪೂರ್ಣ ಮಟ್ಟದ ಕೇಂದ್ರ. ನಮ್ಮಲ್ಲಿ 24 ಗಂಟೆ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮೊದಲ ಬಗೆಯವಾಗಿ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಎರಡನೆಯ ಬಗೆಯವಾಗಿ ಕೆಲಸ ಮಾಡಬೇಕು ಎಂಬುದು ಸರ್ಕಾರದ ಯೋಜನೆ. ಬೋರ್ಡ್ ಮೇಲೆ ಹಾಗೆ ಬರೆದಿರುವುದಕ್ಕೂ ಮಧ್ಯರಾತ್ರಿ 2 ಗಂಟೆಗೆ ಒಳಗೆ ಸಿಗುವುದಕ್ಕೂ ಅಂತರ ಇರಬಹುದು. ಆ ಮಾತಿಗೆ ಮುಂದೆ ಬರುತ್ತೇವೆ.

ಮಗುವಿನ ಮೊದಲ ನಿಮಿಷ

ಬಹುಪಾಲು ಮಕ್ಕಳು ತಾವಾಗಿಯೇ ಉಸಿರಾಡುತ್ತವೆ. 100ರಲ್ಲಿ ಸುಮಾರು 5ರಿಂದ 10 ಮಕ್ಕಳಿಗೆ ಸ್ವಲ್ಪ ನೆರವು ಬೇಕು. ಆ ನೆರವಿನ ಹೆಚ್ಚಿನ ಭಾಗ ಬಹಳ ಸರಳ: ಬೆಚ್ಚಗಿನ ಒಣ ಬಟ್ಟೆಯಲ್ಲಿ ಮೈ ಚೆನ್ನಾಗಿ ಒರೆಸುವುದು, ಒದ್ದೆ ಬಟ್ಟೆ ತೆಗೆದುಹಾಕುವುದು, ಬೆನ್ನು ಉಜ್ಜುವುದು, ತಲೆಯನ್ನು ಸರಿಯಾದ ಭಂಗಿಯಲ್ಲಿ ಇಡುವುದು. ಅಷ್ಟಕ್ಕೇ ಹಲವು ಮಕ್ಕಳು ಅಳಲು ಶುರು ಮಾಡುತ್ತವೆ. ಅಷ್ಟಾದರೂ ಉಸಿರಾಡದಿದ್ದರೆ ಬ್ಯಾಗ್ ಮತ್ತು ಮಾಸ್ಕ್ ಹಿಡಿಯಬೇಕು. ಮಾಸ್ಕ್ ಮಗುವಿನ ಮೂಗು-ಬಾಯಿ ಮುಚ್ಚುವಂತೆ ಕೂರಿಸಿ, ಗಾಳಿ ಸೋರದಂತೆ ಒತ್ತಿ ಹಿಡಿದು, ನಿಮಿಷಕ್ಕೆ 40ರಿಂದ 60 ಸಲ ಬ್ಯಾಗ್ ಒತ್ತಬೇಕು. ಎದೆ ಮೇಲೇಳುತ್ತಿದೆಯೇ ಎಂದು ನೋಡಬೇಕು. ತಿಂಗಳು ತುಂಬಿದ ಮಗುವಿಗೆ ಆರಂಭದಲ್ಲಿ ಆಕ್ಸಿಜನ್ ಸಿಲಿಂಡರ್ ಕೂಡ ಬೇಕಿಲ್ಲ, ಕೋಣೆಯ ಗಾಳಿಯೇ ಸಾಕು. ಇದೆಲ್ಲ ಹುಟ್ಟಿದ ಒಂದು ನಿಮಿಷದೊಳಗೆ ಶುರುವಾಗಿರಬೇಕು. ತರಬೇತಿಯಲ್ಲಿ ಇದನ್ನು 'ಬಂಗಾರದ ನಿಮಿಷ' ಎನ್ನುತ್ತಾರೆ.

ಓದುವಾಗ ಸುಲಭ ಅನ್ನಿಸುತ್ತದೆ. ಕೈಯಲ್ಲಿ ಹಿಡಿದಾಗ ಅಲ್ಲ. ಮಾಸ್ಕ್ ಸ್ವಲ್ಪ ಸರಿದರೂ ಗಾಳಿ ಪಕ್ಕದಿಂದ ಹೋಗಿಬಿಡುತ್ತದೆ, ಎದೆ ಏಳುವುದಿಲ್ಲ. ಗಾಬರಿಯಲ್ಲಿ ಜೋರಾಗಿ ಒತ್ತಿದರೆ ಎಳೆಯ ಶ್ವಾಸಕೋಶಕ್ಕೆ ಪೆಟ್ಟು. ಆದ್ದರಿಂದ ಇದನ್ನು ಬೊಂಬೆಯ ಮೇಲೆ ಕಲಿಸುತ್ತಾರೆ. ನಿಯೋನಟಾಲಿ ಎಂಬ ಬೊಂಬೆಯಲ್ಲಿ ನೀರು ತುಂಬಿದರೆ ಅದಕ್ಕೆ ನಿಜವಾದ ಮಗುವಿನ ತೂಕ ಮತ್ತು ಕೈಯಲ್ಲಿ ಜಾರುವ ಮೆತ್ತನೆತನ ಬರುತ್ತದೆ. ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಅದರ ಎದೆ ಮೇಲೇಳುತ್ತದೆ. ತರಬೇತಿ ಕೊಡುವವರು ಕೈಯಲ್ಲಿರುವ ಚಿಕ್ಕ ಬಲ್ಬ್ ಒತ್ತಿ ಹೊಕ್ಕುಳಬಳ್ಳಿಯ ಬಡಿತವನ್ನು ತೋರಿಸುತ್ತಾರೆ, ನಿಲ್ಲಿಸುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ರೂಪಿಸಿದ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ತರಬೇತಿಯಲ್ಲಿ ಈ ಬೊಂಬೆಯೇ ಮುಖ್ಯ ಪಾಠಪುಸ್ತಕ. ನಮ್ಮ ಕೇಂದ್ರ ಸರ್ಕಾರ ಅದಕ್ಕೂ ಒಂದು ವರ್ಷ ಮೊದಲು, 2009ರಲ್ಲಿ, ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಎಂಬ ಎರಡು ದಿನದ ತರಬೇತಿ ಆರಂಭಿಸಿತ್ತು.

ಹೊಸದನ್ನು ಕಲಿಸುವಷ್ಟೇ ಕಷ್ಟ ಹಳೆಯದನ್ನು ಬಿಡಿಸುವುದು. ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಬೆನ್ನಿಗೆ ಬಡಿಯುವುದು, ಚೆನ್ನಾಗಿ ಅಳುತ್ತಿರುವ ಮಗುವಿನ ಬಾಯಿಗೂ ಸಕ್ಷನ್ ನಳಿಕೆ ಹಾಕುವುದು, ಹುಟ್ಟಿದ ತಕ್ಷಣ ಸ್ನಾನ ಮಾಡಿಸುವುದು ಇವೆಲ್ಲ ವರ್ಷಗಟ್ಟಲೆ ನಡೆದು ಬಂದ ರೂಢಿಗಳು. ತಾಯಿಯ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ಮಗುವನ್ನು ಹೊರದೂಡುವುದು, ನೋವು ಬೇಗ ಬರಲಿ ಎಂದು ಅಳತೆಯಿಲ್ಲದೆ ಆಕ್ಸಿಟೋಸಿನ್ ಕೊಡುವುದು ಕೂಡ. ಈ ಎರಡೂ ಅಪಾಯದ ಕೆಲಸಗಳು. ಹೆರಿಗೆಗೆ ಮುಂಚೆ ಅಡ್ಡಾದಿಡ್ಡಿಯಾಗಿ ಆಕ್ಸಿಟೋಸಿನ್ ಕೊಟ್ಟರೆ ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ಗರ್ಭಕೋಶ ಹರಿಯಲೂಬಹುದು. ಹುಟ್ಟಿದ ಮೇಲೆ ಜೀವ ಉಳಿಸುವ ಔಷಧವೇ ಹುಟ್ಟುವ ಮುಂಚೆ ಜೀವಕ್ಕೆ ಕುತ್ತಾಗುವುದು ಹೀಗೆ.

ತಾಯಿಯ ರಕ್ತಸ್ರಾವ, ಬೆಳಗಾವಿಯ ಚೀಲ

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್. ಆಮೇಲೆ ಗರ್ಭಕೋಶಕ್ಕೆ ಆಸರೆ ಕೊಟ್ಟು, ಹೊಕ್ಕುಳಬಳ್ಳಿಯನ್ನು ಹದವಾಗಿ ಎಳೆದು ಮಾಸು ಹೊರತರುವುದು. ನಂತರ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡುವುದು. ಇದು ಪ್ರತಿ ತಾಯಿಗೂ ಆಗಬೇಕಾದ್ದು, ತೊಂದರೆ ಕಂಡವರಿಗೆ ಮಾತ್ರವಲ್ಲ. ಗರ್ಭಕೋಶ ಮೆತ್ತಗೆ ಉಳಿದರೆ ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತದೆ.

ಎಷ್ಟು ಹೋಯಿತು ಎಂದು ತಿಳಿಯುವುದೇ ಇಲ್ಲಿ ದೊಡ್ಡ ಸಮಸ್ಯೆ. 500 ಮಿಲಿ ಲೀಟರ್ ದಾಟಿದರೆ ಅದು ಅತಿ ರಕ್ತಸ್ರಾವ. ಆದರೆ ಬಟ್ಟೆ, ಹತ್ತಿ, ನೆಲದ ಮೇಲೆ ಹರಡಿದ ರಕ್ತವನ್ನು ಕಣ್ಣಳತೆಯಲ್ಲಿ ನೋಡಿದರೆ ಅನುಭವಿಗಳಿಗೂ ಅದು ಕಡಿಮೆಯೇ ಕಾಣುತ್ತದೆ. ಈ ಸಮಸ್ಯೆಗೆ ಒಂದು ಉತ್ತರ ನಮ್ಮ ಬೆಳಗಾವಿಯಿಂದ ಬಂತು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ತಾಯಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಹಾಳೆಯ ತುದಿಯಲ್ಲಿರುವ ಗೆರೆ ಹಾಕಿದ ಚೀಲಕ್ಕೆ ಇಳಿಯುತ್ತದೆ. ಎಷ್ಟು ಮಿಲಿ ಲೀಟರ್ ಎಂದು ಓದಿಬಿಡಬಹುದು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಣ್ಣಳತೆಯ ಅಂದಾಜು ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ಬಂದಿತ್ತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಇನ್ನೊಂದು ಅಧ್ಯಯನವೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1,620 ಹೆರಿಗೆಗಳಲ್ಲಿ ಎಎನ್‌ಎಂಗಳು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ್ದರು; ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ತಂಪಿನಲ್ಲಿ ಇಡಬೇಕಾದ ಇಂಜೆಕ್ಷನ್ ಇಲ್ಲದ ಕಡೆಯೂ ಡಾಕ್ಟರಲ್ಲದ, ತರಬೇತಿ ಪಡೆದ ಒಬ್ಬ ಹೆಣ್ಣುಮಗಳು ಇಷ್ಟು ಮಾಡಬಹುದು ಎಂದು ಅದು ತೋರಿಸಿಕೊಟ್ಟಿತು.

ಅಳತೆಯ ಚೀಲದ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ಇ-ಮೋಟಿವ್' ಅಧ್ಯಯನದಲ್ಲಿ ಪ್ರತಿ ಹೆರಿಗೆಗೂ ಗೆರೆ ಹಾಕಿದ ಚೀಲ ಬಳಸಿದರು. ರಕ್ತ ಗೆರೆ ಮುಟ್ಟಿದ ಕೂಡಲೇ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗೆ ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಮತ್ತು ಸಾವು ಎಲ್ಲ ಸೇರಿ ಶೇ 60ರಷ್ಟು ಕಡಿಮೆಯಾಯಿತು. ಇಲ್ಲಿ ಹೊಸ ಔಷಧ ಯಾವುದೂ ಇಲ್ಲ. ಮೊದಲೇ ಗುರುತಿಸಿದ್ದು, ತಡ ಮಾಡದೆ ಎಲ್ಲ ಕೈಗಳೂ ಒಟ್ಟಿಗೆ ದುಡಿದದ್ದು, ಅಷ್ಟೇ.

ಮೂರನೆಯ ತುರ್ತು ಬಿಪಿ ಏರಿ ಬರುವ ಫಿಟ್ಸ್. ಇದಕ್ಕೆ ಮೆಗ್ನೀಷಿಯಮ್ ಸಲ್ಫೇಟ್. ನಮ್ಮ ದೇಶದ ಮಾರ್ಗಸೂಚಿಯಂತೆ ಎಎನ್‌ಎಂ ಕೂಡ ಮೊದಲ ಡೋಸ್ ಆಗಿ ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು. 10 ಆಂಪೂಲ್ ಒಡೆದು ತುಂಬಬೇಕು. ಜೀವನದಲ್ಲಿ ಒಂದೆರಡು ಸಲ ಮಾತ್ರ ಫಿಟ್ಸ್ ಕಂಡಿರುವ ಸಿಸ್ಟರ್‌ಗೆ ಇಷ್ಟು ದೊಡ್ಡ ಡೋಸ್ ಕೊಡಲು ಕೈ ನಡುಗುವುದು ಸಹಜ. ಕೊಡದೆ ಆಂಬುಲೆನ್ಸ್ ಹತ್ತಿಸಿದರೆ ದಾರಿಯಲ್ಲೇ ಮತ್ತೆ ಫಿಟ್ಸ್ ಬರಬಹುದು.

ತರಬೇತಿ ಕೊಟ್ಟರೆ ಸಾಕೇ?

ಸೂಲಗಿತ್ತಿಯರ ಕಾಲದಲ್ಲಿ ಹೆರಿಗೆಯ ವಿದ್ಯೆ ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ಬರುತ್ತಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಹತ್ತಿರ ಆಕ್ಸಿಟೋಸಿನ್ ಇರಲಿಲ್ಲ, ರಕ್ತದ ಬಾಟಲಿ ಇರಲಿಲ್ಲ. ಆದರೆ ಇವತ್ತಿನ ಎಷ್ಟೋ ಸಿಸ್ಟರ್‌ಗಳಿಗೆ ಸಿಗದ ಒಂದು ಇತ್ತು, ದಿನನಿತ್ಯದ ಅಭ್ಯಾಸ. ತಿಂಗಳಿಗೆ ನಾಲ್ಕೈದೇ ಹೆರಿಗೆ ನಡೆಯುವ ಕೇಂದ್ರದಲ್ಲಿ ಉಸಿರಾಡದ ಮಗು ಹುಟ್ಟುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ತರಬೇತಿಯಲ್ಲಿ ಕಲಿತದ್ದು ಅಷ್ಟರಲ್ಲಿ ಮರೆತಿರುತ್ತದೆ.

ತರಬೇತಿಗಳಿಗೇನೂ ಕೊರತೆಯಿಲ್ಲ. ಎಎನ್‌ಎಂ ಮತ್ತು ನರ್ಸ್‌ಗಳಿಗೆ 21 ದಿನದ ಕುಶಲ ಹೆರಿಗೆ ತರಬೇತಿ ಇದೆ. ತಜ್ಞರ ಕೊರತೆ ನೀಗಲು ಎಂಬಿಬಿಎಸ್ ಡಾಕ್ಟರರಿಗೇ 16 ವಾರದಲ್ಲಿ ಸಿಸೇರಿಯನ್ ಸೇರಿದಂತೆ ತುರ್ತು ಹೆರಿಗೆ ಚಿಕಿತ್ಸೆ, 18 ವಾರದಲ್ಲಿ ಅರಿವಳಿಕೆ ಕಲಿಸುವ ಕೋರ್ಸ್‌ಗಳು ಶುರುವಾದವು. 2015ರಲ್ಲಿ ಲೇಬರ್ ರೂಮ್ ಸಿಬ್ಬಂದಿಗೆ 'ದಕ್ಷತಾ', 2017ರ ಕೊನೆಗೆ ಲೇಬರ್ ರೂಮಿನ ಗುಣಮಟ್ಟಕ್ಕೇ 'ಲಕ್ಷ್ಯ' ಬಂತು. 2018ರಿಂದ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫ್ ತರಬೇತಿಯ ಯೋಜನೆ ಇದೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯವರು ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದಾರೆ.

ಇಷ್ಟೆಲ್ಲದರ ಫಲ ಏನು ಎಂಬುದಕ್ಕೆ ಉತ್ತರ ಪ್ರದೇಶದಲ್ಲಿ ನಡೆದ 'ಬೆಟರ್‌ಬರ್ತ್' ಅಧ್ಯಯನವನ್ನು ಸಾವಧಾನವಾಗಿ ನೋಡಬೇಕು. 24 ಜಿಲ್ಲೆಗಳ 120 ಆಸ್ಪತ್ರೆಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು. ಅರ್ಧದಷ್ಟು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಕೊಟ್ಟು, ಎಂಟು ತಿಂಗಳು ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್‌ಗಳನ್ನು ಕಳಿಸಿದರು. ಎರಡು ತಿಂಗಳಿಗೆ ಆ ಆಸ್ಪತ್ರೆಗಳಲ್ಲಿ ಆಗಬೇಕಾದ ಕೆಲಸಗಳಲ್ಲಿ ಶೇ 72.8ರಷ್ಟು ಆಗುತ್ತಿದ್ದವು, ಉಳಿದ ಕಡೆ ಶೇ 41.7. ಕೋಚ್‌ಗಳು ಹೋಗಿ ನಾಲ್ಕು ತಿಂಗಳಾದ ಮೇಲೆ ಅದು ಶೇ 61.7ಕ್ಕೆ ಇಳಿಯಿತು. ಆದರೆ 2017ರಲ್ಲಿ ಬಂದ ಅಂತಿಮ ಲೆಕ್ಕದಲ್ಲಿ ತಾಯಿ-ಮಗುವಿನ ಸಾವು ಮತ್ತು ತಾಯಿಯ ತೀವ್ರ ತೊಡಕುಗಳು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ: ಶೇ 15.1 ಮತ್ತು ಶೇ 15.3.

ಇದನ್ನು ಓದಿ 'ತರಬೇತಿ ದಂಡ' ಎಂದು ತೀರ್ಮಾನಿಸುವುದು ತಪ್ಪು. ಕೈ ತೊಳೆಯುವುದು, ಬಿಪಿ ನೋಡುವುದು, ಸರಿಯಾದ ಹೊತ್ತಿಗೆ ಇಂಜೆಕ್ಷನ್ ಕೊಡುವುದು ಇವು ಹೆಚ್ಚಾದವು. ಆದರೆ ಮೆಗ್ನೀಷಿಯಮ್ ಕೊಟ್ಟ ಮೇಲೆ ಕಳಿಸಲು ಸಿಸೇರಿಯನ್ ಆಗುವ ಆಸ್ಪತ್ರೆ ಹತ್ತಿರವಿಲ್ಲದಿದ್ದರೆ, ರಕ್ತ ಸಿಗದಿದ್ದರೆ, ದುರ್ಬಲ ಮಗುವಿಗೆ ಮುಂದಿನ ಆರೈಕೆ ಇಲ್ಲದಿದ್ದರೆ, ಸಿಸ್ಟರ್ ಎಷ್ಟು ಚೆನ್ನಾಗಿ ಕಲಿತರೂ ಅವಳ ಕೈಗೆ ಒಂದು ಮಿತಿ ಇದೆ.

ಬೆಳಗಾವಿಯ ಇನ್ನೊಂದು ಅನುಭವ ಇದಕ್ಕೆ ಪೂರಕ. ಅಲ್ಲಿ ಹೆರಿಗೆ ಮಾಡಿಸುವ 599 ಜನರಿಗೆ ಬೊಂಬೆಯ ಮೇಲೆ ಮಗುವಿಗೆ ಉಸಿರು ಕೊಡುವುದನ್ನು ಕಲಿಸಿದರು. ಸತ್ತು ಹುಟ್ಟಿದವು ಎಂದು ದಾಖಲಾಗುವ ಮಕ್ಕಳ ಪ್ರಮಾಣ ಶೇ 3ರಿಂದ ಶೇ 2.3ಕ್ಕೆ ಇಳಿಯಿತು. ಅದರಲ್ಲೂ ಹೆರಿಗೆಯ ಹೊತ್ತಿನಲ್ಲಿ ತೀರಿಹೋದವೆಂದು ಬರೆಯುತ್ತಿದ್ದ ಮಕ್ಕಳು ಶೇ 1.7ರಿಂದ ಶೇ 0.9ಕ್ಕೆ. ಇದರ ಅರ್ಥ ಸ್ವಲ್ಪ ಎದೆ ಝಲ್ಲೆನ್ನಿಸುವಂಥದ್ದು: 'ಸತ್ತೇ ಹುಟ್ಟಿತು' ಎಂದು ಬಟ್ಟೆ ಸುತ್ತಿಡುತ್ತಿದ್ದ ಕೆಲವು ಮಕ್ಕಳು ಉಸಿರಿಗಾಗಿ ಕಾಯುತ್ತಿದ್ದ ಮಕ್ಕಳು. ಆದರೆ 28 ದಿನದೊಳಗಿನ ಸಾವು ಕಡಿಮೆಯಾಗಲಿಲ್ಲ. ಉಸಿರು ಬಂದ ಮೇಲೂ ಬಿಸುಪು, ಹಾಲು, ಸೋಂಕಿನಿಂದ ರಕ್ಷಣೆ ಬೇಕಲ್ಲ. ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಇದನ್ನೇ ಹಿಡಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಹೆರಿಗೆಯ ಹೊತ್ತಿನ ಉಸಿರಿನಿಂದ ಹಿಡಿದು ತಿಂಗಳ ತನಕದ ಆರೈಕೆವರೆಗೆ ಕಲಿಸಿ, ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದದ್ದನ್ನು 1999ರಲ್ಲಿ ವರದಿ ಮಾಡಿದರು.

ಹಾಗಾದರೆ ಕಲಿತದ್ದನ್ನು ಉಳಿಸುವುದು ಹೇಗೆ? ಈಗ ಒಪ್ಪಿಗೆಯಾಗುತ್ತಿರುವ ದಾರಿ, ಸಿಸ್ಟರನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿ ಪಾಠ ಮಾಡುವ ಬದಲು ಕಲಿಸುವವರೇ ಅವಳ ಲೇಬರ್ ರೂಮಿಗೆ ಹೋಗುವುದು. ಉತ್ತರ ಕರ್ನಾಟಕದಲ್ಲಿ 'ಸುಕ್ಷೇಮ' ಯೋಜನೆಯಡಿ ಅನುಭವಿ ನರ್ಸ್‌ಗಳನ್ನೇ ಮಾರ್ಗದರ್ಶಕರನ್ನಾಗಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮತ್ತೆ ಮತ್ತೆ ಕಳಿಸಿದರು. ಹೆಜ್ಜೆ ಹೆಜ್ಜೆಗೂ ಏನು ನೋಡಬೇಕು, ಏನು ಮಾಡಬೇಕು ಎಂದು ನೆನಪಿಸುವ ಕೇಸ್ ಶೀಟ್ ಕೊಟ್ಟರು. ಬಳ್ಳಾರಿ ಮತ್ತು ಕಲಬುರಗಿಯ 108 ಕೇಂದ್ರಗಳಲ್ಲಿ ಹೋಲಿಸಿ ನೋಡಿದಾಗ, ಮಾರ್ಗದರ್ಶಕರು ಹೋದ ಕಡೆ ಸಿಬ್ಬಂದಿಯ ತಿಳಿವಳಿಕೆ ಮತ್ತು ಕೇಂದ್ರದ ಸಿದ್ಧತೆ ಎರಡೂ ಉತ್ತಮವಾಗಿದ್ದವು. ಬಿಹಾರದ 'ಅಮಾನತ್' ಕಾರ್ಯಕ್ರಮದಲ್ಲಿ ನರ್ಸ್ ಮಾರ್ಗದರ್ಶಕರು ಆಸ್ಪತ್ರೆಯಲ್ಲೇ ಉಳಿದು, ನಾಟಕದಂತೆ ತುರ್ತನ್ನು ಆಡಿಸುತ್ತಿದ್ದರು. ಒಬ್ಬಾಕೆ ಇದಕ್ಕೆಂದೇ ಹೊಲಿದ ಪ್ಯಾಂಟ್ ತೊಟ್ಟು ಹೆರಿಗೆ ನೋವಿನಿಂದ ಕೂಗುತ್ತಾಳೆ, ಕೃತಕ ರಕ್ತ ಹರಿಯುತ್ತದೆ, ಉಳಿದವರು ನಿಜವಾದ ಟ್ರೇ, ನಿಜವಾದ ಸಿರಿಂಜ್ ಹುಡುಕಬೇಕು. ಆಗ ಗೊತ್ತಾಗುತ್ತದೆ ಔಷಧದ ಬೀರುವಿನ ಬೀಗದ ಕೈ ಮನೆಗೆ ಹೋದ ಇನ್ನೊಬ್ಬರ ಹತ್ತಿರ ಇದೆ ಎಂದು. ಅಣಕು ಅಭ್ಯಾಸದ ನಿಜವಾದ ಲಾಭ ಇದೇ ಎಂದು ನನಗೆ ಅನ್ನಿಸುತ್ತದೆ.

ಇನ್ನೂ ಒಂದು ಸಣ್ಣ, ಆದರೆ ಕಾಡುವ ವಿಚಾರ: ಲೇಬರ್ ರೂಮಿಗೆಂದು ತರಬೇತಿ ಪಡೆದ ನರ್ಸನ್ನು ಮುಂದಿನ ತಿಂಗಳು ಬೇರೆ ವಾರ್ಡಿಗೋ ಲಸಿಕೆ ಶಿಬಿರಕ್ಕೋ ಹಾಕುವುದು. ಕಲಿಸಿದ ಖರ್ಚೆಲ್ಲ ಅಲ್ಲಿಗೆ ನೀರಿನಲ್ಲಿ ಹೋಮ. ಹೀಗೆ ಬದಲಿಸಬೇಡಿ ಎಂದು 'ಲಕ್ಷ್ಯ' ಸ್ಪಷ್ಟವಾಗಿಯೇ ಹೇಳುತ್ತದೆ.

ತವರಿಗೆ ಹೋಗುವ ಮುನ್ನ

ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ಕನ್ನಡದ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಈಗಲೂ ರೂಢಿ. ಏಳನೇ ತಿಂಗಳವರೆಗೆ ನಗರದ ಆಸ್ಪತ್ರೆ, ಆಮೇಲೆ ವಿಜಯಪುರದ್ದೋ ರಾಯಚೂರಿನದೋ ಒಂದು ಊರು. ತಾಯಿಯ ಮನೆಯ ಆರೈಕೆಗೆ ಬೆಲೆ ಕಟ್ಟಲಾಗದು. ಆದರೆ ಹೊರಡುವ ಮೊದಲು ಅಲ್ಲಿನ ಆಸ್ಪತ್ರೆಯ ಬಗ್ಗೆ ಅಪ್ಪ-ಅಮ್ಮನ ಹತ್ತಿರ ವಿಚಾರಿಸಿ ಇಟ್ಟುಕೊಳ್ಳಿ. ರಾತ್ರಿ ಯಾರು ಇರುತ್ತಾರೆ? ಸಿಸೇರಿಯನ್ ಬೇಕಾದರೆ ಅಲ್ಲೇ ಆಗುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಕಳಿಸುತ್ತಾರೆ, ಅಲ್ಲಿಗೆ ಎಷ್ಟು ಹೊತ್ತು? ರಕ್ತ ಎಲ್ಲಿಂದ ಬರುತ್ತದೆ? ಲೇಬರ್ ರೂಮಿನೊಳಗೇ ಮಗುವಿಗೆ ಬಿಸಿ ಮಾಡುವ ವಾರ್ಮರ್, ಬ್ಯಾಗ್ ಮತ್ತು ಮಾಸ್ಕ್ ಇಟ್ಟ ಮೂಲೆ ಇದೆಯೇ? ಖಾಸಗಿ ನರ್ಸಿಂಗ್ ಹೋಮ್ ಆದರೂ ಇವೇ ಪ್ರಶ್ನೆಗಳು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಳ್ಳೆಯ ಸಿಸ್ಟರ್ ಆದರೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ನಗರದಲ್ಲಿ ಮಾಡಿಸಿದ ಎಲ್ಲ ರಿಪೋರ್ಟ್, ಬಿಪಿ ಬರೆದ ಕಾರ್ಡ್, ರಕ್ತದ ಗುಂಪು ಜೊತೆಗಿರಲಿ; ಊರಿಗೆ ಹೋದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಮನೆಯ ಹೆಣ್ಣುಮಗಳೊಬ್ಬಳು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಜೊತೆಗಿರುವವರು ಅಮ್ಮನಾಗಲಿ ಅಕ್ಕನಾಗಲಿ, ಹೆರಿಗೆಯಾದ ಮೊದಲ ಎರಡು ಗಂಟೆ ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು. ಕೆಳಗಿನ ಬಟ್ಟೆ ಬೇಗ ಬೇಗ ತೊಯ್ಯುತ್ತಿದ್ದರೆ, ತಲೆ ಸುತ್ತು, ಮೈ ತಣ್ಣಗಾಗುವುದು, ವಿಪರೀತ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ, ಮಗು ಹಾಲು ಕುಡಿಯದೆ ಸಪ್ಪೆಯಾದರೆ ಅಥವಾ ಮೈ ತಣ್ಣಗಾದರೆ, 'ಸ್ವಲ್ಪ ನೋಡೋಣ' ಎನ್ನದೆ ಕೂಡಲೇ ಸಿಸ್ಟರನ್ನು ಕರೆಯಿರಿ. ಮನೆಗೆ ಬಂದ ಮೇಲೆ ಹೀಗಾದರೆ 108.